ಕೋಶ ಸಾಕುವ ಚಿಕ್ಕಮ್ಮ

ಕಿಟಕಿಯಾಚೆ ಇನ್ನೂ ಕಪ್ಪು ಮಿಶ್ರಿತ ನೀಲಿ. ಉದ್ದನೆಯ ಮೊಗಸಾಲೆಯ ಕೊನೆಯ ಕೋಣೆಯಲ್ಲಿ ಮಾತ್ರ ಒಂದು ಹಳದಿ ದೀಪ, ಅದೂ ಮಂಕಾಗಿ, ಉರಿಯುತ್ತಿದೆ. ತಲೆಗೂದಲನ್ನೆಲ್ಲ ಬಟ್ಟೆಯ ಟೋಪಿಯೊಳಗೆ ತುರುಕಿ, ಕೈಗವಸು ತೊಟ್ಟ ಹೆಂಗಸೊಬ್ಬರು ಗಾಜಿನ ಬಾಗಿಲಿನ ಪೆಟ್ಟಿಗೆಯನ್ನು ಮೆಲ್ಲಗೆ ತೆರೆಯುತ್ತಾರೆ. ಒಳಗಿನಿಂದ ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ಬರುತ್ತದೆ. ಮಲಗಿರುವ ಮಗುವಿನ ಹೊದಿಕೆ ಎತ್ತಿದಾಗ ಬರುವಂಥದ್ದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು ಸಾಲಾಗಿ ಕೂತಿವೆ. ಕೆಲವಕ್ಕೆ ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆ ಸುತ್ತಿದೆ.

"ಬಾಗಿಲು ಹಾಕ್ಕೊಂಡು ಬನ್ನಿ," ಎನ್ನುತ್ತಾರೆ ಅವರು, ನನ್ನತ್ತ ತಿರುಗದೆಯೇ. "ಸೂರ್ಯ ಬರೋದ್ರೊಳಗೆ ಇವಕ್ಕೆ ಊಟ ಮುಗಿಸ್ಬೇಕು."

ಇನ್‌ಕ್ಯುಬೇಟರ್ ಎಂದು ಕರೆಯುವ ಈ ಬೆಚ್ಚನೆಯ ಪೆಟ್ಟಿಗೆಗೂ, ತಟ್ಟೆಗಳ ದ್ರವ ಬದಲಿಸುವ ಮೇಜಿಗೂ ನಡುವೆ ಮೊಗಸಾಲೆಯ ಒಂದು ತುಂಡನ್ನು ದಾಟಬೇಕು. ಅಲ್ಲೊಂದು ದೊಡ್ಡ ಕಿಟಕಿ, ಪೂರ್ವಕ್ಕೆ ಮುಖ ಮಾಡಿದ್ದು. ಕಟ್ಟಡ ಕಟ್ಟಿದವರು ಗಾಳಿ ಬೆಳಕು ಚೆನ್ನಾಗಿ ಬರಲಿ ಎಂದೇ ಇಟ್ಟದ್ದು. ಈ ಕೋಣೆಯ ಕೆಲಸಕ್ಕೆ ಅದೇ ಕಂಟಕ. ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟಿದ್ದಾರೆ ನಿಜ. ಆದರೆ ಪರದೆಯನ್ನು ನಂಬಿ ಕೂರುವ ಜಾಯಮಾನ ಇವರದಲ್ಲ. ಹಾಳೆ ಸುತ್ತಿದ ತಟ್ಟೆಗಳನ್ನು ಎರಡೆರಡಾಗಿ ಎದೆಗವಚಿಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಾರೆ.

ಈ ತಟ್ಟೆಗಳ ತಳದಲ್ಲಿ ಮನುಷ್ಯರ ಚರ್ಮದ ಕೋಶಗಳಿವೆ. ಅವುಗಳ ಮೇಲಿನ ದ್ರವದಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿ, ಕಣ್ಣಿಗೆ ಕಾಣದಷ್ಟು ಸಣ್ಣಗಾದದ್ದು, ಬೆರೆತಿದೆ. ಕತ್ತಲಲ್ಲಿ ಅದು ಒಲೆಯ ಬೂದಿಯಷ್ಟೇ ಸಾಧು. ಬೆಳಕು ಬಿದ್ದರೆ ಅದರ ಗುಣವೇ ಬೇರೆ. ಆ ಗುಣ ಜೀವಕ್ಕೆ ಎಷ್ಟು ಕೇಡು ಮಾಡುತ್ತದೆ ಎಂದು ಅಳೆಯುವುದೇ ಈ ಪ್ರಯೋಗಾಲಯದ ಕೆಲಸ. ಅಳೆಯುವವರ ಹೆಸರು ವರದಿಗಳಲ್ಲಿ ಬರುತ್ತದೆ. ಅಳೆಯಲು ಬೇಕಾದ ಜೀವವನ್ನು ಊರು ಏಳುವ ಮುಂಚೆ ಎದ್ದು ಬಂದು ಸಾಕುವವರು ಇವರು. ಕಾವಲುಗಾರನಿಂದ ಹಿಡಿದು ಮುಖ್ಯಸ್ಥೆಯವರೆಗೆ ಎಲ್ಲರ ಬಾಯಲ್ಲೂ ಇವರು ಚಿಕ್ಕಮ್ಮ.

ಹೆಸರು ಅಂಟಿಕೊಂಡದ್ದಕ್ಕೆ ಕಾರಣ ಇವರ ಅಕ್ಕನ ಮಗಳು. ಪುಟ್ಟ ಹುಡುಗಿಯಾಗಿದ್ದಾಗ ಶಾಲೆ ಬಿಟ್ಟವಳೇ ಇಲ್ಲಿಗೆ ಬಂದು, ಬಾಗಿಲ ಹೊರಗೆ ನಿಂತು "ಚಿಕ್ಕಮ್ಮಾ, ಮನೆಗೆ ಹೋಗೋಣ್ವಾ" ಎಂದು ರಾಗ ಎಳೆಯುತ್ತಿದ್ದಳಂತೆ. ಕೇಳಿ ಕೇಳಿ ಎಲ್ಲರ ನಾಲಗೆಗೂ ಅದೇ ಹತ್ತಿತು. ಆ ಹುಡುಗಿ ಈಗ ನಗರದ ಬಸ್ ಓಡಿಸುತ್ತಾಳೆ.

ಮೇಜಿನ ಮುಂದೆ ಕೂತ ಚಿಕ್ಕಮ್ಮನ ಕೈ ನೋಡುವುದೇ ಒಂದು ಸೊಗಸು. ತಟ್ಟೆಯನ್ನು ತುಸು ವಾಲಿಸಿ, ಮೂಲೆಯಿಂದ ಹಳೆಯ ದ್ರವ ಹೀರಿ ತೆಗೆಯುತ್ತಾರೆ. ಹೊಸದನ್ನು ಕೋಶಗಳ ಮೇಲೆ ನೇರ ಸುರಿಯುವುದಿಲ್ಲ. ತಟ್ಟೆಯ ಗೋಡೆಗೆ ತಾಗಿಸಿ ಇಳಿಸುತ್ತಾರೆ. "ಸ್ನಾನ ಮಾಡಿಸೋವಾಗ ಮಗು ಮುಖಕ್ಕೆ ನೀರು ಎರಚ್ತೀವಾ? ಬೆನ್ನ ಕಡೆಯಿಂದ ಹುಯ್ತೀವಿ. ಅಷ್ಟೇ ಇದು," ಎನ್ನುತ್ತಾರೆ. ಮಾಮೂಲಿ ಸಾಕಣೆಯ ದ್ರವ ಗುಲಾಬಿ ಬಣ್ಣದ್ದು. ಕೋಶಗಳು ತಿಂದುಂಡು ಕೊಳೆ ಮಾಡಿದ ಮೇಲೆ ಅದು ಹಳದಿಗೆ ತಿರುಗುತ್ತದೆ. "ಹಳದಿ ಕಂಡ್ರೆ ನಾನು ತಡ ಮಾಡಿದೀನಿ ಅಂತ ಅರ್ಥ." ಬೆಳಕಿನ ಪ್ರಯೋಗದ ತಟ್ಟೆಗಳಿಗೆ ಮಾತ್ರ ಬಣ್ಣವಿಲ್ಲದ ದ್ರವ; ಗುಲಾಬಿ ಬಣ್ಣ ಬೆಳಕಿಗೆ ಅಡ್ಡ ಬರುತ್ತದಂತೆ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಿಯೇ ಕೋಶಗಳ ಯೋಗಕ್ಷೇಮ ತಿಳಿಯಬೇಕು.

ದಿನಕ್ಕೆ ಕಡಿಮೆಯೆಂದರೂ ಅರವತ್ತು ತಟ್ಟೆ, ವಾರಕ್ಕೆ ಏಳೂ ದಿನ. ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಬೆನ್ನು ನೆಟ್ಟಗೆ ಮಾಡಲಾಗದಂಥ ನೋವು ಒಂದೆಡೆ, ಕಣ್ಣಿಗೆ ಕನ್ನಡಕ ಬಂದದ್ದು ಇನ್ನೊಂದೆಡೆ. ನೆಂಟರ ಮನೆಯ ಮದುವೆಗೆ ಹೋದರೂ ತಾಳಿ ಕಟ್ಟುವುದನ್ನು ನೋಡಿದವರೇ ಎದ್ದು ಬಂದವರು. ಇವರ ಪತಿ ನಿವೃತ್ತ ಅಂಚೆ ಪೇದೆ, ಮಾತಿನಲ್ಲಿ ಚುರುಕು. "ಮಕ್ಕಳಿಲ್ಲ, ಮಕ್ಕಳಿಲ್ಲ ಅಂತ ಜನ ಕನಿಕರ ತೋರಿಸ್ತಿದ್ರು. ಇವಳು ಬೆಳಗ್ಗೆ ಎದ್ದು ಕೋಟಿಗಟ್ಟಲೆ ಮಕ್ಕಳಿಗೆ ಉಣಿಸಿ ಬರ್ತಾಳೆ, ನಾನು ಮನೇಲಿ ನನ್ನ ಪಾಡಿಗೆ ಬೇಯಿಸ್ಕೋತೀನಿ," ಎಂದು ಅವರು ಹೇಳುವಾಗ ಚಿಕ್ಕಮ್ಮ "ಸಾಕು ಸುಮ್ನಿರಿ" ಎನ್ನುತ್ತಾರೆ. ನಗು ಮಾತ್ರ ಮುಚ್ಚಿಡಲಾಗುವುದಿಲ್ಲ.

ಬಿಳಿಪುಡಿಯ ಮಾತು ಬಂದಾಗ ಚಿಕ್ಕಮ್ಮ ಬೇರೆಯೇ ಆಗಿಬಿಡುತ್ತಾರೆ. ಅದು ಗೋಡೆಯ ಬಣ್ಣದಲ್ಲಿದೆ, ಹಲ್ಲುಜ್ಜುವ ಪೇಸ್ಟಿನಲ್ಲಿದೆ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿದೆ ಎಂದು ನಾನು ಓದಿಕೊಂಡು ಬಂದದ್ದನ್ನು ಒಪ್ಪಿಸುತ್ತಿದ್ದೆ. ಅವರು ಕೈಗವಸು ಕಳಚುತ್ತ ಹೇಳಿದರು: "ನಮ್ಮನೇಲಿ ಅದು ನಮ್ಮಕ್ಕನ ತಲೆ ಮೇಲಿತ್ತು."

ಇವರ ತಂದೆ ಮನೆಗಳಿಗೆ ಬಣ್ಣ ಹೊಡೆಯುವವರು. ಆಗೆಲ್ಲ ಡಬ್ಬಿ ತೆರೆದು ಬಳಿಯುವ ಬಣ್ಣ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಬಿಳಿಪುಡಿಯ ಚೀಲ ತಂದು, ಅಗಸೆ ಎಣ್ಣೆ ಹೊಯ್ದು, ಮನೆಯ ಹಿತ್ತಲಲ್ಲೇ ಕಲಸಬೇಕು. ಕಲಸುವ ಕೆಲಸ ದೊಡ್ಡಕ್ಕನದು. ದೊಡ್ಡಕ್ಕ ಎಂದರೆ ಇವರಿಗಿಂತ ಒಂಬತ್ತು ವರ್ಷ ಹಿರಿಯಳು. ತಾಯಿ ತೀರಿಕೊಂಡ ವರ್ಷ ಶಾಲೆ ಬಿಟ್ಟು ಅಪ್ಪನ ಜೊತೆ ಏಣಿ ಹತ್ತಿದವಳು.

"ಸಾಯಂಕಾಲ ಅವಳು ಬೀದಿ ತಿರುವಲ್ಲಿ ಬರ್ತಿದ್ರೆ ದೂರದಿಂದ ಮುದುಕಿ ಹಾಗೆ ಕಾಣ್ತಿದ್ಲು. ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಹತ್ತಿರ ಬಂದು ನಕ್ಕಾಗಷ್ಟೇ ಹದಿನೇಳು ವರ್ಷದ ಹುಡುಗಿ," ಎಂದು ಚಿಕ್ಕಮ್ಮ ನೆನೆಯುತ್ತಾರೆ. ಏಣಿಯ ಮೇಲೆ ನಿಂತು ಅವಳು ಸಿಳ್ಳೆ ಹಾಕುತ್ತಿದ್ದಳಂತೆ. ಹೆಣ್ಣುಮಗಳು ಸಿಳ್ಳೆ ಹಾಕುವುದೇ ಎಂದು ಮನೆಯೊಡತಿಯೊಬ್ಬರು ಗದರಿದರೆ, ಬಣ್ಣ ಬೇಗ ಒಣಗಲಿ ಅಂತ ಗಾಳಿ ಊದ್ತಿದೀನಿ ಎಂದಳಂತೆ. ಎಣ್ಣೆಯ ವಾಸನೆ ಹೊದಿಕೆಗೂ ಹತ್ತಿರುತ್ತಿತ್ತು. ಇಬ್ಬರೂ ಮಲಗುತ್ತಿದ್ದದ್ದು ಒಂದೇ ಹೊದಿಕೆಯಡಿ. ಈಗಲೂ ಎಲ್ಲಾದರೂ ಅಗಸೆ ಎಣ್ಣೆಯ ಘಮ ಬಂದರೆ ತನಗೆ ನಿದ್ದೆ ಬರುತ್ತದೆ ಎನ್ನುತ್ತಾರೆ.

ಅಪ್ಪನಿಗೆ ಒಂದು ಕೊರಗು ಇತ್ತು. ಒಳಗಿನ ಗೋಡೆಯ ಬಿಳಿ ವರ್ಷಗಟ್ಟಲೆ ನಿಲ್ಲುತ್ತಿತ್ತು. ಬಿಸಿಲು ಬೀಳುವ ಹೊರಗೋಡೆ ಮಾತ್ರ ಬೇಗ ಪುಡಿಪುಡಿಯಾಗಿ ಒರಗಿದವರ ಬೆನ್ನಿಗೆ ಅಂಟುತ್ತಿತ್ತು. ಮನೆಯವರು ಬಂದು, ಕಲಬೆರಕೆ ಮಾಡಿದೀಯ ಎಂದು ಬೈದು ಹೋಗುತ್ತಿದ್ದರು. ಅಪ್ಪ ಎದುರಾಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಎಣ್ಣೆ ಕಮ್ಮಿ ಹಾಕಿಲ್ಲಮ್ಮ ನಾನು," ಎಂದು ಮಕ್ಕಳಿಗೆ ಹೇಳುತ್ತಿದ್ದರು. ನಂಬಿಸಬೇಕಾದದ್ದು ಮಕ್ಕಳನ್ನೇ ಎಂಬ ಹಾಗೆ.

ಬಿಸಿಲು ಬಿದ್ದರೆ ಆ ಬಿಳಿಪುಡಿಯೇ ತನ್ನನ್ನು ಹಿಡಿದಿಟ್ಟ ಎಣ್ಣೆಯನ್ನು ನಿಧಾನಕ್ಕೆ ತಿನ್ನುತ್ತದೆ ಎಂಬುದು ಚಿಕ್ಕಮ್ಮನಿಗೆ ತಿಳಿದದ್ದು ಈ ಪ್ರಯೋಗಾಲಯಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ. ಮುಖ್ಯಸ್ಥೆ ಮೇಡಂ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಇವರು ಹಿಂದೆ ತಟ್ಟೆ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಮನೆಗೆ ಹೋದವಳೇ ಅಕ್ಕನಿಗೆ ಹೇಳ್ದೆ. ಅಪ್ಪ ಹೋಗಿ ಆಗ್ಲೇ ತುಂಬಾ ದಿನ ಆಗಿತ್ತು. ಇಬ್ರೂ ಕೂತು ಅತ್ವಿ. ಆಮೇಲೆ ಅವಳು, ಹಾಗಾದ್ರೆ ಸೂರ್ಯನ ಹತ್ರ ದುಡ್ಡು ವಾಪಸ್ ಕೇಳ್ಬೇಕಿತ್ತು ಅಪ್ಪ, ಅಂದ್ಲು."

ತಂಗಿಯನ್ನು ಓದಿಸಿದ್ದು ದೊಡ್ಡಕ್ಕನೇ. ಹತ್ತನೆಯ ತರಗತಿಯಾದ ಮೇಲೆ ಪ್ರಯೋಗಾಲಯ ಸಹಾಯಕರ ತರಬೇತಿ. ಅದು ಮುಗಿದ ವರ್ಷವೇ ಇಲ್ಲಿ ಕೆಲಸ. ಮೊದಲು ಗಾಜಿನ ಸಾಮಾನು ತೊಳೆಯುವುದು. ಆಮೇಲೆ ಕೋಶ ಸಾಕಣೆ. ದೊಡ್ಡಕ್ಕ ಮದುವೆಯಾಗಿ, ಮಗಳನ್ನು ಹೆತ್ತು, ಗಂಡ ಬಿಟ್ಟುಹೋದ ಮೇಲೆ ಮತ್ತೆ ಏಣಿ ಹತ್ತಿದಳು. ತಂಗಿಯ ಮನೆ ಪಕ್ಕದಲ್ಲೇ ಮನೆ ಮಾಡಿದಳು.

ಒಮ್ಮೆ ದೊಡ್ಡಕ್ಕನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಜೋತುಬಿದ್ದಿದ್ದ ಚರ್ಮದ ಒಂದು ಪಟ್ಟಿಯನ್ನು ವೈದ್ಯರು ಕತ್ತರಿಸಿ ತೆಗೆಯಬೇಕಿತ್ತು. ಆಗ ಮೇಡಂ ಸಂಶೋಧನೆಗೆ ಚರ್ಮದ ತುಣುಕಿಗಾಗಿ ಹುಡುಕಾಡುತ್ತಿದ್ದರು. ಕೇಳಲೋ ಬೇಡವೋ ಎಂದು ಚಿಕ್ಕಮ್ಮ ಅಳುಕುತ್ತ ಕೇಳಿದ್ದಕ್ಕೆ ದೊಡ್ಡಕ್ಕ ಮಂಚದ ಮೇಲಿಂದಲೇ ನಕ್ಕಳು. "ತಗೊಂಡು ಹೋಗೇ. ನಾನಂತೂ ಕಾಲೇಜು ಮೆಟ್ಟಿಲು ಹತ್ಲಿಲ್ಲ. ನನ್ನ ಹೊಟ್ಟೆಯಾದ್ರೂ ಹತ್ಲಿ."

ಕಾಗದ ಪತ್ರ, ಒಪ್ಪಿಗೆಯ ಸಹಿ ಎಲ್ಲ ಆದ ಮೇಲೆ, ಐಸ್ ತುಂಬಿದ ಡಬ್ಬಿಯಲ್ಲಿ ಅಕ್ಕನ ಚರ್ಮವನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮ ಬಂದರು. ಸಣ್ಣಗೆ ಕತ್ತರಿಸಿ ತಟ್ಟೆಯಲ್ಲಿಟ್ಟ ಆ ತುಣುಕುಗಳ ಅಂಚಿನಿಂದ ವಾರ ಕಳೆಯುವಷ್ಟರಲ್ಲಿ ಕೋಶಗಳು ಹೊರಗೆ ತೆವಳಿದವು. ಉದ್ದನೆಯ, ತುದಿ ಚೂಪಾದ ಕೋಶಗಳು. ಹಬ್ಬುತ್ತ ಹೋದಂತೆ ಮೀನಿನ ಹಿಂಡಿನ ಹಾಗೆ ಒಂದೇ ದಿಕ್ಕಿಗೆ ತಿರುಗಿ ಸುಳಿಯಾದವು. ಅವುಗಳಲ್ಲಿ ಬಹುಪಾಲನ್ನು ಸಣ್ಣ ಸಣ್ಣ ಸೀಸೆಗಳಲ್ಲಿ ತುಂಬಿ, ದ್ರವ ಸಾರಜನಕದ ಪೀಪಾಯಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟರು. ಬೇಕಾದಾಗ ಒಂದೊಂದೇ ತೆಗೆದು ಎಬ್ಬಿಸಿ ಬೆಳೆಸುವುದು. ಸೀಸೆಯ ಮೇಲೆ ಬರೀ ಒಂದು ಸಂಖ್ಯೆ. ಬಾಯಿಮಾತಿನಲ್ಲಿ ಮಾತ್ರ ಚಿಕ್ಕಮ್ಮ ಅದನ್ನು ದೊಡ್ಡಕ್ಕ ಎಂದೇ ಕರೆದರು.

ಮೈ ಸುಧಾರಿಸಿದ ಮೇಲೆ ದೊಡ್ಡಕ್ಕ ಒಮ್ಮೆ ಬಂದು ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. "ಇಲ್ಲಿ ಓದ್ತಿರೋದು ನಾನೇನಾ? ಪಾಸಾದ್ರೆ ಹೇಳು," ಎಂದು ಹೇಳಿ ಹೋದಳು.

ಒಂದು ಬೇಸಿಗೆಯ ಮಧ್ಯಾಹ್ನ ಬಿರುಗಾಳಿಗೆ ವಿದ್ಯುತ್ ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಇನ್‌ಕ್ಯುಬೇಟರಿನ ಶಾಖ ಇಳಿಯತೊಡಗಿದಾಗ ಚಿಕ್ಕಮ್ಮ ದೊಡ್ಡಕ್ಕನ ಕೋಶಗಳು ಬೆಳೆಯುತ್ತಿದ್ದ ಚಪ್ಪಟೆ ಸೀಸೆಗಳ ಮುಚ್ಚಳ ಬಿಗಿ ಮಾಡಿ, ಒಂದನ್ನು ಎಡ ಕಂಕುಳಲ್ಲಿ, ಇನ್ನೊಂದನ್ನು ಬಲ ಕಂಕುಳಲ್ಲಿಟ್ಟುಕೊಂಡು, ಮೇಲೆ ಶಾಲು ಸುತ್ತಿ ಕುರ್ಚಿಯಲ್ಲಿ ಕೂತರು. ಸಂಜೆ ದೀಪ ಬರುವವರೆಗೆ ಅಲ್ಲಾಡಲಿಲ್ಲ. "ಮನುಷ್ಯರ ಮೈ ಶಾಖವೇ ಅಲ್ವಾ ಅದಕ್ಕೂ ಬೇಕಾಗಿದ್ದು? ನನ್ನ ಹತ್ರ ಅದಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದ್ರೆ ಅವಳೂ ಹಾಗೇ ಕೂರ್ತಿದ್ಲು," ಎನ್ನುತ್ತಾರೆ.

ದೊಡ್ಡಕ್ಕ ತೀರಿಕೊಂಡು ಈಗ ಆರು ವರ್ಷ. ಸಾವಿಗೆ ಕಾರಣ ಆ ಪುಡಿಯೇ ಇರಬೇಕು ಎಂದು ನಾನು ಮನಸ್ಸಿನಲ್ಲೇ ಕತೆ ಕಟ್ಟತೊಡಗಿದ್ದೆ. ಚಿಕ್ಕಮ್ಮ ಅದನ್ನು ಮೊಳಕೆಯಲ್ಲೇ ಚಿವುಟಿದರು. "ಇಲ್ಲ, ಅವಳದ್ದು ಹೃದಯ. ನಮ್ಮಮ್ಮನಿಗೂ ಅದೇ ಆಗಿತ್ತು. ಆ ಕಾಲದ ಪುಡಿ ದಪ್ಪ ಕಣದ್ದು, ಎಣ್ಣೇಲಿ ಮುಳುಗಿರ್ತಿತ್ತು. ಮಾಡದಿರೋ ತಪ್ಪನ್ನ ಅದರ ತಲೆಗೆ ಕಟ್ಟಬೇಡಿ. ಅದರಿಂದ್ಲೇ ನಾವು ಊಟ ಮಾಡಿದ್ದು."

ಅಕ್ಕ ಹೋದ ಮೂರನೆಯ ದಿನ ಚಿಕ್ಕಮ್ಮ ಕೆಲಸಕ್ಕೆ ಬಂದರು. ಇನ್‌ಕ್ಯುಬೇಟರ್ ತೆರೆದರೆ ದೊಡ್ಡಕ್ಕ ಅಲ್ಲಿ ಸುಳಿಸುಳಿಯಾಗಿ ಬೆಳೆಯುತ್ತಿದ್ದಳು. ಅಂದು ಹೇಗನಿಸಿತು ಎಂದು ಕೇಳಿದೆ. "ಹಳದಿಗೆ ತಿರುಗಿತ್ತು. ದ್ರವ ಬದಲಾಯಿಸ್ದೆ," ಎಂದಷ್ಟೇ ಹೇಳಿದರು.

ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಇದೊಂದೂ ತಿಳಿಯದು. ದೊಡ್ಡಕ್ಕ ಎಂದರೆ ಕೋಶಗಳಿಗಿಟ್ಟ ಮುದ್ದಿನ ಹೆಸರು ಎಂದುಕೊಂಡು, "ಚಿಕ್ಕಮ್ಮ, ದೊಡ್ಡಕ್ಕನಿಗೆ ತಿಂಡಿ ಆಯ್ತಾ?" ಎಂದು ಹಾಸ್ಯ ಮಾಡುತ್ತಿದ್ದರು. ಅವರು "ಆಯ್ತಪ್ಪ, ನಿಂದಾಯ್ತಾ?" ಎನ್ನುತ್ತಿದ್ದರು.

ಹೀಗಿರುವಾಗ ಎರಡು ವರ್ಷದ ಹಿಂದೆ ಒಂದು ಗೋಡೆಬಣ್ಣ ಪರೀಕ್ಷೆಗೆ ಬಂತು. ಮಕ್ಕಳ ಆಸ್ಪತ್ರೆಯೊಂದರ ವಾರ್ಡಿಗೆ ಬಳಿಯಲೆಂದು ತಯಾರಾದದ್ದು. ಅತಿ ಸಣ್ಣ ಟೈಟಾನಿಯಂ ಡೈಆಕ್ಸೈಡ್ ಕಣಗಳಿರುವ ಆ ಬಣ್ಣದ ಮೇಲೆ ಬೆಳಕು ಬಿದ್ದರೆ ಗೋಡೆಗೆ ತಗುಲಿದ ರೋಗಾಣುಗಳು ಸಾಯುತ್ತವೆ. ಒಳ್ಳೆಯ ಉದ್ದೇಶವೇ. ಆದರೆ ರೋಗಾಣುವನ್ನು ಕೊಲ್ಲುವ ಬೆಳಕು-ಪುಡಿಯ ಜೋಡಿ, ಗೋಡೆಯಿಂದ ಉದುರಿ ಮಗುವಿನ ಮೈಗೆ ತಾಗಿದರೆ ಏನು ಮಾಡೀತು? ತಿಳಿಸಿ ಎಂದು ಬಣ್ಣ ತಯಾರಿಸಿದವರೇ ಕೇಳಿದ್ದರು.

ತಟ್ಟೆಗಳನ್ನು ನಾಲ್ಕು ಪಂಗಡ ಮಾಡಿದರು. ಒಂದಕ್ಕೆ ಪುಡಿಯೂ ಇಲ್ಲ, ಬೆಳಕೂ ಇಲ್ಲ. ಒಂದಕ್ಕೆ ಬರೀ ಪುಡಿ, ಹಾಳೆ ಸುತ್ತಿ ಕತ್ತಲಲ್ಲಿ. ಒಂದಕ್ಕೆ ಬರೀ ನೇರಳಾತೀತ ದೀಪದ ಬೆಳಕು. ಕೊನೆಯದಕ್ಕೆ ಎರಡೂ. ಆಮೇಲೆ ನೀಲಿ ಬಣ್ಣದ ಹನಿ ಹಾಕುವುದು. ಬದುಕಿರುವ ಕೋಶ ನೀಲಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತದ್ದಕ್ಕೆ ತಡೆಯುವ ಶಕ್ತಿ ಇರುವುದಿಲ್ಲ. ಮೊದಲ ಮೂರು ಪಂಗಡಗಳಲ್ಲಿ ನೀಲಿ ಅಲ್ಲೊಂದು ಇಲ್ಲೊಂದು. ನಾಲ್ಕನೆಯದರಲ್ಲಿ ಮೀನಿನ ಹಿಂಡು ಚದುರಿಹೋಗಿತ್ತು. ಕೋಶಗಳು ಮುದುಡಿ ಉಂಡೆಯಾಗಿದ್ದವು. ನೋಡಿದಲ್ಲೆಲ್ಲ ನೀಲಿ.

ಅವೆಲ್ಲವೂ ದೊಡ್ಡಕ್ಕನ ಕೋಶಗಳು.

"ಬೆಳಕು ತಾಗಿದ ಕಣ ತನ್ನ ಸುತ್ತ ಇರೋ ನೀರನ್ನ, ಆಮ್ಲಜನಕಾನ ಕೆರಳಿಸಿಬಿಡುತ್ತೆ. ಆ ಕೆರಳಿದ್ದು ಪಕ್ಕದಲ್ಲಿ ಏನು ಸಿಕ್ಕಿದ್ರೂ ಕಚ್ಚುತ್ತೆ. ಕೋಶದ ಪೊರೆ ಸಿಕ್ಕಿದ್ರೆ ಪೊರೆ," ಎಂದು ವಿವರಿಸುತ್ತಾರೆ ಮೇಡಂ. ಅವರಿಗೆ ಆ ದಿನ ಚೆನ್ನಾಗಿ ನೆನಪಿದೆ. "ಚಿಕ್ಕಮ್ಮ ಎಂದೂ ಅರ್ಧಕ್ಕೆ ಎದ್ದವರಲ್ಲ. ಅವತ್ತು ಎದ್ದು ಹೊರಗೆ ಹೋದ್ರು. ನಾನು ಹಿಂದೆ ಹೋಗ್ಲಿಲ್ಲ. ವಾಪಸ್ ಬಂದು ಉಳಿದ ತಟ್ಟೆ ಎಣಿಸಿದ್ರು."

ಹೊರಗೆ ಹೋಗಿ ಏನು ಮಾಡಿದಿರಿ ಎಂದು ಚಿಕ್ಕಮ್ಮನನ್ನು ಕೇಳಿದೆ. "ನಲ್ಲಿ ಹತ್ರ ನಿಂತ್ಕೊಂಡಿದ್ದೆ. ಅವಳು ಸತ್ತಾಗ ಅಳೋದಕ್ಕೆ ಪುರುಸೊತ್ತಿರ್ಲಿಲ್ಲ, ಮನೆ ತುಂಬಾ ಜನ. ಅದು ಬಾಕಿ ಇತ್ತು ಅನ್ಸುತ್ತೆ."

ವರದಿ ಹೋಯಿತು. ಬಣ್ಣ ವಾರ್ಡಿಗೆ ಹೋಗಲಿಲ್ಲ. ತಯಾರಿಸಿದವರು ಸಿಟ್ಟಾಗದೆ ಮತ್ತೆ ಕೂತರು. ಪ್ರತಿಯೊಂದು ಕಣಕ್ಕೂ ತೆಳ್ಳಗಿನ ಹೊದಿಕೆ ತೊಡಿಸಿ, ಸುಲಭಕ್ಕೆ ಉದುರದ ಹಾಗೆ ಅಂಟು ಬದಲಿಸಿ, ಒಂದು ವರ್ಷದ ಮೇಲೆ ಹೊಸ ಬಣ್ಣ ತಂದರು. ಹಳೆಯದನ್ನೂ ಹೊಸದನ್ನೂ ಸರಿಯಾಗಿ ಹೋಲಿಸಬೇಕಾದರೆ ಅದೇ ಕೋಶಗಳ ಮೇಲೆ ಪರೀಕ್ಷೆ ಆಗಬೇಕು. ಪೀಪಾಯಿಯಲ್ಲಿ ದೊಡ್ಡಕ್ಕನದು ಉಳಿದಿದ್ದದ್ದು ಒಂದೇ ಸೀಸೆ. ಅದೂ ಹಲವು ಪೀಳಿಗೆ ಕಂಡು ಮುದಿಯಾದ ಕೋಶಗಳದ್ದು. ಇಂಥ ಕೋಶಗಳು ಇಂತಿಷ್ಟು ಸಲ ಒಡೆದು ಎರಡಾದ ಮೇಲೆ ನಿಂತುಬಿಡುತ್ತವೆ. ಎಬ್ಬಿಸಿದರೆ ಅದೇ ಕೊನೆ.

ಮೇಡಂ ಆತುರ ಮಾಡಲಿಲ್ಲ. "ಬೇರೆ ಕೋಶ ತರಿಸೋಣ ಚಿಕ್ಕಮ್ಮ. ಹೋಲಿಕೆ ಅಷ್ಟು ಗಟ್ಟಿಯಾಗಿರಲ್ಲ, ಆದ್ರೂ ನಡೆಯುತ್ತೆ. ನೀವು ಬೇಡ ಅಂದ್ರೆ ನಾನು ಕಾರಣ ಕೇಳಲ್ಲ," ಎಂದರು. ಚಿಕ್ಕಮ್ಮ ಎರಡು ದಿನ ಸಮಯ ಕೇಳಿದರು. ಅಕ್ಕನ ಮಗಳನ್ನು ಕೇಳದೆ ಹೂಂ ಅನ್ನಲು ಅವರ ಮನಸ್ಸು ಒಪ್ಪಲಿಲ್ಲ.

ಆಕೆ ಮೊದಲ ಪಾಳಿ ಮುಗಿಸಿ, ಚಾಲಕಿಯ ಸಮವಸ್ತ್ರದಲ್ಲೇ ಬಂದಳು. ಹಳೆಯ ಪರೀಕ್ಷೆಯಿಂದ ಉಳಿದ ಒಂದು ತಟ್ಟೆ ಇನ್ನೂ ಇತ್ತು. ಬೆಳಕು, ಪುಡಿ ಯಾವುದೂ ಸೋಕದ್ದು; ಜೀವವಿಲ್ಲದಿದ್ದರೂ ಕೋಶಗಳ ಆಕಾರ ಕೆಡದ ಹಾಗೆ ಹದ ಮಾಡಿಟ್ಟದ್ದು. ಅಮ್ಮ ಬದುಕಿದ್ದಾಗ ಬಾಗಿಲ ಹೊರಗೇ ನಿಲ್ಲುತ್ತಿದ್ದವಳು ಮೊದಲ ಸಲ ಒಳಗೆ ಬಂದು ಕಣ್ಣಿಟ್ಟಳು.

"ಇದು ಅಮ್ಮನಾ?"

"ಹೂಂ. ಅಮ್ಮನ ಹೊಟ್ಟೆ."

"ನಾನು ಒಳಗಿದ್ನಲ್ಲ, ಆ ಹೊಟ್ಟೆ."

ಚಿಕ್ಕಮ್ಮನಿಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲವಂತೆ. ಕೊನೆಯ ಸೀಸೆಯ ವಿಷಯ ಹೇಳಿ, "ನೀನು ಇಟ್ಕೋ ಅಂದ್ರೆ ಇಟ್ಕೋತೀನಿ ಕಣೇ. ಪೀಪಾಯಿಯಲ್ಲಿ ಇನ್ನೂ ಎಷ್ಟು ವರ್ಷ ಬೇಕಾದ್ರೂ ಇರುತ್ತೆ. ಅದಕ್ಕೆ ಏನೂ ಆಗಲ್ಲ," ಎಂದರು.

ಅಕ್ಕನ ಮಗಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು. "ಅಲ್ಲಿ ಇದ್ದು ಏನ್ಮಾಡ್ತಾಳೆ ಚಿಕ್ಕಮ್ಮ? ಅಮ್ಮ ಯಾವತ್ತು ಕೂತು ಕಾಲ ಕಳೆದಿದ್ದಾಳೆ? ಜ್ವರ ಇದ್ರೂ ಏಣಿ ಹತ್ತಿದವಳು. ಕೆಲಸಕ್ಕೆ ಹಾಕು ಅವಳನ್ನ."

ಮರುದಿನ ಬೆಳಗ್ಗೆ ಚಿಕ್ಕಮ್ಮ ಪೀಪಾಯಿಯ ಮುಚ್ಚಳ ತೆಗೆದರು. ಬಿಳಿ ಆವಿ ಉಕ್ಕಿ ನೆಲದ ಮೇಲೆ ಹರಿಯಿತು. ಹೆಪ್ಪುಗಟ್ಟಿದ ಕೋಶಗಳನ್ನು ಎಬ್ಬಿಸುವಾಗ ಮೀನಮೇಷ ಎಣಿಸುವಂತಿಲ್ಲ. ಬೆಚ್ಚನೆಯ ನೀರಿನಲ್ಲಿ ಬೇಗ ಕರಗಿಸಬೇಕು. ಅವತ್ತು ಕೋಣೆಯಲ್ಲಿ ವಿದ್ಯಾರ್ಥಿಗಳೆಲ್ಲ ಇದ್ದರು. ದೊಡ್ಡಕ್ಕ ಯಾರೆಂದು ಮೇಡಂ ಹಿಂದಿನ ಸಂಜೆ ಅವರಿಗೆ ಹೇಳಿದ್ದರು. ಚಿಕ್ಕಮ್ಮ ಒಪ್ಪಿದ ಮೇಲೆಯೇ ಹೇಳಿದ್ದು. ತಿಂಡಿ ಆಯ್ತಾ ಎಂದು ದಿನವೂ ಕೇಳುತ್ತಿದ್ದ ಕನ್ನಡಕದ ಹುಡುಗಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಚಿಕ್ಕಮ್ಮ ಅವಳನ್ನೇ ಕರೆದು ಸೀಸೆ ಹಿಡಿಯಲು ಕೊಟ್ಟರು. "ನೀನು ಕೇಳ್ತಿದ್ದಿದ್ದು ನನಗೆ ಖುಷಿನೇ ಆಗ್ತಿತ್ತು ಮಗಾ. ಅವಳನ್ನ ಕೇಳೋರು ಬೇರೆ ಯಾರಿದ್ರು," ಎಂದರು.

ಮುದಿ ಕೋಶಗಳು ನಿಧಾನವಾಗಿ ಬೆಳೆದವು. ನಾಲ್ಕು ಪಂಗಡಕ್ಕೆ ಸಾಲುವಷ್ಟಾಗಲು ಕಾಯಬೇಕಾಯಿತು. ದೀಪದ ಕೆಳಗೆ ಇಡುವ ದಿನ ಮೇಡಂ ತಾವೇ ಮಾಡುತ್ತೇನೆಂದರು. ಚಿಕ್ಕಮ್ಮ ಬಿಡಲಿಲ್ಲ. ತಟ್ಟೆ ಇಟ್ಟು, ದೀಪದ ಗುಂಡಿ ಒತ್ತಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ ಎಂಬ ನನ್ನ ಪ್ರಶ್ನೆಗೆ, "ಯೋಚನೆ ಏನೂ ಇಲ್ಲ. ಅವಳು ಏಣಿ ಮೇಲಿದ್ದಾಗ ಕೆಳಗೆ ಏಣಿ ಹಿಡ್ಕೊಂಡು ನಿಲ್ತಿದ್ದೆ, ರಜಾ ದಿನಗಳಲ್ಲಿ. ಹಾಗೇ ಅನ್ಸ್ತು," ಎಂದರು.

ನೀಲಿ ಹನಿ ಹಾಕಿ ನೋಡಿದಾಗ ನಾಲ್ಕನೆಯ ಪಂಗಡದ ಬಹುಪಾಲು ಕೋಶಗಳು ಬಣ್ಣ ಹೀರಿರಲಿಲ್ಲ. ಕೆಲವು ಸತ್ತಿದ್ದವು, ಉಳಿದವು ಉದ್ದುದ್ದ ಚಾಚಿ ತಟ್ಟೆ ಹಿಡಿದು ನಿಂತಿದ್ದವು. ಮೇಡಂ ಎಚ್ಚರದ ಮನುಷ್ಯೆ. "ಪೂರ್ತಿ ನಿರಪಾಯ ಅಂತ ನಾವು ಬರೆದಿಲ್ಲ. ಮೊದಲಿನದಕ್ಕಿಂತ ಎಷ್ಟೋ ಮೇಲು ಅಂತ ಬರೆದಿದೀವಿ. ಇನ್ನೂ ಪರೀಕ್ಷೆಗಳು ಬೇರೆ ಕಡೆ ನಡೀತಿವೆ," ಎನ್ನುತ್ತಾರೆ. ಅವು ಮುಗಿಯುವವರೆಗೆ ಆ ವಾರ್ಡಿಗೆ ಸಾಧಾರಣ ಬಣ್ಣವನ್ನೇ ಬಳಿದಿದ್ದಾರೆ. ಅಲ್ಲಿ ಮಲಗಿ ಗುಣವಾಗಿ ಮನೆಗೆ ಹೋಗುವ ಮಕ್ಕಳಿಗಾಗಲಿ, ಅವರ ತಾಯಂದಿರಿಗಾಗಲಿ, ಗೋಡೆಗೆ ಏನು ಬಳಿದಿಲ್ಲ, ಯಾಕೆ ಬಳಿದಿಲ್ಲ ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಬರದಿರುವುದೇ ಒಳ್ಳೆಯದು.

ಪರೀಕ್ಷೆಗೆ ಬಳಸಿದ ಮೇಲೆ ಒಂದು ಚಪ್ಪಟೆ ಸೀಸೆಯಲ್ಲಿ ದೊಡ್ಡಕ್ಕ ಸ್ವಲ್ಪ ಮಿಕ್ಕಿದ್ದಳು. ಆ ಕೋಶಗಳಿಂದ ಯಾವ ಕೆಲಸವೂ ಆಗಬೇಕಿರಲಿಲ್ಲ. ಅವು ಒಡೆದು ಎರಡಾಗುವುದನ್ನು ನಿಲ್ಲಿಸಿದ್ದವು. ಮೀನಿನ ಹಾಗಿದ್ದವು ಈಗ ಅಗಲವಾಗಿ, ಚಪ್ಪಟೆಯಾಗಿ, ಜಗುಲಿಯಲ್ಲಿ ಕಾಲು ಚಾಚಿ ಕೂತ ಅಜ್ಜಿಯರ ಹಾಗಾಗಿದ್ದವು. ಎಸೆಯಿರಿ ಎಂದು ಯಾರೂ ಹೇಳಲಿಲ್ಲ. ಚಿಕ್ಕಮ್ಮ ಬೇರೆ ತಟ್ಟೆಗಳ ಜೊತೆ ಅದಕ್ಕೂ ಹೊಸ ದ್ರವ ಹಾಕುತ್ತ ಬಂದರು. ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ನೋಡಿದರೆ ಕೋಶಗಳು ತಳದ ಹಿಡಿತ ಬಿಟ್ಟು ದ್ರವದಲ್ಲಿ ತೇಲುತ್ತಿದ್ದವು. ನಿಯಮದ ಪ್ರಕಾರ ಸೀಸೆಗೆ ಬ್ಲೀಚ್ ಹಾಕಿ, ಕಾದು, ತೊಳೆದರು. ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದರು. ಆಕೆ ಬಸ್ ನಿಲ್ದಾಣದಲ್ಲಿದ್ದಳು; "ಸರಿ ಚಿಕ್ಕಮ್ಮ, ಸಂಜೆ ಬರ್ತೀನಿ," ಎಂದಳು. ಬಂದಳು. ಚಿಕ್ಕಮ್ಮ, ಅವರ ಪತಿ, ಆಕೆ, ಮೂವರೂ ಕೂತು ಊಟ ಮಾಡಿದರು.

ಈಗ ಪೆಟ್ಟಿಗೆಯಲ್ಲಿರುವುದು ಹೆಸರು ಗೊತ್ತಿಲ್ಲದ ಯಾರದೋ ಕೋಶಗಳು. "ಇವೂ ಯಾರದೋ ಮನೆಯವು," ಎನ್ನುತ್ತಾರೆ ಚಿಕ್ಕಮ್ಮ, ಕೊನೆಯ ತಟ್ಟೆಯ ಮುಚ್ಚಳ ಹಾಕುತ್ತ. ಕಪ್ಪು ಪರದೆಯ ಅಂಚಿನಲ್ಲಿ ಬೆಳಕಿನ ಗೆರೆ ಮೂಡಿದೆ. ಮೊಗಸಾಲೆಯಲ್ಲಿ ಮೊದಲ ವಿದ್ಯಾರ್ಥಿಯ ಚಪ್ಪಲಿಯ ಸದ್ದು. ಬರುವ ವರ್ಷ ಇವರ ನಿವೃತ್ತಿ. ಕನ್ನಡಕದ ಹುಡುಗಿ ಕೆಲವು ತಿಂಗಳಿಂದ ಬೆಳಗಿನ ಪಾಳಿಗೆ ಬಂದು ಜೊತೆಗೆ ಕೂರುತ್ತಿದ್ದಾಳೆ.

ಹೊರಡುವ ಮುನ್ನ, ಇಷ್ಟು ವರ್ಷದ ಕೆಲಸದಲ್ಲಿ ನಿಮಗೆ ಹೆಮ್ಮೆ ಅನಿಸುವುದು ಯಾವುದು ಎಂದು ಕೇಳಿದೆ. ಅವರು ಕೈ ತೊಳೆಯಲು ಹೋದರು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ, ಪೆಟ್ಟಿಗೆಯ ಕಡೆ ನೋಡಿ ಹೇಳಿದರು:

"ಇಲ್ಲಿ ಬೆಳಕಿಗೆ ಸತ್ತಿವೆ, ಪುಡಿಗೆ ಸತ್ತಿವೆ, ವಯಸ್ಸಾಗಿಯೂ ಸತ್ತಿವೆ. ನನ್ನ ಕೈಲಿದ್ದಾಗ ಹಸಿದು ಮಾತ್ರ ಒಂದೂ ಸತ್ತಿಲ್ಲ."